ಹುಳು ಒಲ್ಲದ ಸಗಣಿ

ಓಣಿಯವರೆಲ್ಲ ಹುಳದಕ್ಕ ಎಂದೇ ಕರೆಯುತ್ತಿದ್ದ ಆಕೆ ಬೆಳಿಗ್ಗೆ ಗೋಣಿತಾಟು ಸರಿಸಿದಾಗ ಎರೆಹುಳುಗಳು ತೊಟ್ಟಿಯ ಗೋಡೆ ಹತ್ತಿ ಗುಳೆ ಹೊರಟಿದ್ದವು. ಅಣ್ಣನ ಕೊಟ್ಟಿಗೆಯ ಸಗಣಿ ಹಾಕಿದ್ದ ತೊಟ್ಟಿಯಲ್ಲಿ ಮಾತ್ರ. ಸಗಣಿಯನ್ನು ಮೂಸಿದಳು, ಹಿಸುಕಿದಳು, ಏನೂ ತಿಳಿಯಲಿಲ್ಲ. ಹುಳು ಹೋದರೆ ಗೊಬ್ಬರದ ಕಸುಬು ಹೋದಂತೆ. ಸಗಣಿ ಬೇಡವೆಂದರೆ ಅಣ್ಣ ಮುನಿಸಿಕೊಂಡಂತೆ.

"ನಿನ್ನ ಹುಳಕ್ಕೆ ಕೊಬ್ಬು," ಎಂದ ಅಣ್ಣ.

ಮಣ್ಣು ಪರೀಕ್ಷೆಯ ಕಚೇರಿಯಲ್ಲಿದ್ದ ತಂಗಿ ಒಂದು ಹಿಡಿ ಒಯ್ದು ಪರೀಕ್ಷಿಸಿ ಬಂದಳು. "ಇದ್ರಲ್ಲಿ ತಾಮ್ರ ಇದೆ ಕಣಕ್ಕ, ವಿಪರೀತ."

"ಸರಿ, ಒಂದು ಚೊಂಬು ಮಾಡಿಸಿಬಿಡೋಣ," ಅಣ್ಣ ನಕ್ಕ.

ಹುಳದಕ್ಕ ನಗಲಿಲ್ಲ. ಅವಳ ಕಣ್ಣು ಕೊಟ್ಟಿಗೆಯ ಬಾಗಿಲಿಗೆ ಹೋಗಿತ್ತು. ಗೊರಸು ಕೊಳೆಯದಿರಲೆಂದು ಹಸುಗಳನ್ನು ಅಲ್ಲಿ ಮೈಲುತುತ್ತ ಕದಡಿದ ನೀಲಿ ನೀರಿನಲ್ಲಿ ಹಾಯಿಸುತ್ತಿದ್ದರು.

"ಹಳೇ ನೀರು ಎಲ್ಲಿಗೆ ಚೆಲ್ತೀಯ ಅಣ್ಣ?"

"ಸಗಣಿ ಗುಂಡಿಗೆ. ಮತ್ತೇನು, ಕುಡೀಲಾ?"

ಅಂದವನು ತಾನೇ ಆ ನೀಲಿ ನೀರಿನತ್ತ ತಿರುಗಿ ನೋಡಿದ. ಮೈಲುತುತ್ತವೆಂದರೆ ತಾಮ್ರವೇ ಎಂದು ತಂಗಿ ಬಿಡಿಸಿ ಹೇಳಬೇಕಾಗಲಿಲ್ಲ.

ತಂಗಿ ಮೊದಲು ಸುಣ್ಣ ಬೆರೆಸಿದಳು. ಸುಣ್ಣ ತಾಮ್ರವನ್ನು ಕಟ್ಟಿಹಾಕುತ್ತದಂತೆ. ಕಟ್ಟಿಹಾಕಿತೋ ಏನೋ, ಹುಳುಗಳು ಸುಣ್ಣದ ಉರಿಗೇ ಹಿಂದೆಗೆದವು. "ಅತ್ತ ದರಿ, ಇತ್ತ ಪುಲಿ," ಎಂದು ತಂಗಿ ಗೊಣಗಿ, ಈ ಸಲ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕದಡಿದ ನೀರಲ್ಲಿ ಸಗಣಿ ನೆನೆಹಾಕಿದಳು. ಹುಳಿಗೆ ತಾಮ್ರ ಬಿಟ್ಟುಕೊಂಡು ನೀರಿಗಿಳಿಯುತ್ತದೆ. ಬಸಿದ ನೀರಿಗೆ ಅವಳು ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಹಾಕಿದಳು. ಮಧ್ಯಾಹ್ನದೊಳಗೆ ಮೈಮೇಲೆ ತಾಮ್ರ ಕೂತು ಮೊಳೆ ಕೆಂಪಗಾಗಿತ್ತು. ಹುಳದಕ್ಕ ಅದನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಸಗಣಿಯೊಳಗಿಂದ ಇದು ಬಂತೇ!

ಅಣ್ಣ ಆ ನೀರಿದ್ದ ಬಕೆಟ್ಟನ್ನು ಚರಂಡಿಯತ್ತ ಎತ್ತಿದ.

"ಅಲ್ಲೇ ಇಡು ಮಾರಾಯ," ತಂಗಿ ತಡೆದಳು. "ಗುಂಡೀಲಿದ್ದ ತಾಮ್ರ ಬಕೆಟ್ಟಿಗೆ ಬಂತು ಅಷ್ಟೇ, ಮಾಯ ಆಗಿಲ್ಲ. ಕಬ್ಬಿಣದ ಚೂರು ಸುರಿ, ಇನ್ನೂ ಹಿಡಿಯುತ್ತೆ. ಉಳಿದ ನೀರನ್ನ ನಮ್ಮ ಕಚೇರಿಗೆ ಒಯ್ತೀನಿ."

"ಹಾಗಾದ್ರೆ ಗೊರಸಿನ ನೀರು?"

"ಅದಕ್ಕೆ ಬೇರೆ ಡ್ರಮ್ಮು. ದಿನಾ ಸಗಣಿ ತೊಳೆಯೋದು ನಮ್ಮಪ್ಪನಾಣೆ ಆಗಲ್ಲ."

ಹುಳಿ ಹೋಗುವಷ್ಟು ತೊಳೆದು ಆರಿಸಿದ ಸಗಣಿಯನ್ನು ಹುಳದಕ್ಕ ಬಾಣಲೆಯಲ್ಲಿ ಹರಡಿ, ನಾಲ್ಕು ಹುಳು ಬಿಟ್ಟಳು. ಅವು ಅಂಚಿನಲ್ಲೇ ಸುಳಿದವು. ಅಣ್ಣ ಮಂಡಿಯೂರಿ ಬಗ್ಗಿದ.

"ಉಸಿರು ಬಿಡಬೇಡ, ಹೆದರ್ತಾವೆ," ಎಂದಳು ಹುಳದಕ್ಕ.

ಸಣ್ಣದೊಂದು ಹುಳು ಮೂತಿ ತೂರಿಸಿ, ಹಿಂದೆ ಸರಿದು, ಮತ್ತೆ ತೂರಿಸಿತು. ಅರ್ಧ ಮೈ ಒಳಗೆ ಹೋಯಿತು.

"ಹೋಯ್ತಾ?" ಅಣ್ಣ ಪಿಸುಗುಟ್ಟಿದ.

"ಬಾಲ ಇನ್ನೂ ಕಾಣ್ತಿದೆ. ತಡಿ."