ಸ್ಯಾಕ್ಸೋಫೋನಿಗೆ ಹೊಂದುವ ಹಲ್ಲು

ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕೆಲಸ. ಬರುವವರಿಗೆ ಸಾಮಾನ್ಯವಾಗಿ ಎರಡೇ ಚಿಂತೆ: ಅಗಿಯಲು ಬರಬೇಕು, ನಕ್ಕರೆ ಚೆನ್ನಾಗಿ ಕಾಣಬೇಕು. ಒಮ್ಮೆ ಹೆಂಡತಿಯ ಜೊತೆ ಬಂದ, ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುವ ಒಬ್ಬರಿಗೆ ಎರಡೂ ಬೇಕಿರಲಿಲ್ಲ. ವಸಡು ಕೆಟ್ಟು ಮೇಲಿನ ಹಲ್ಲನ್ನೆಲ್ಲ ಕೀಳಿಸಿಕೊಂಡು ಎಂಟು ತಿಂಗಳಾಗಿತ್ತು. ಅಷ್ಟೂ ದಿನ ಸ್ಯಾಕ್ಸೋಫೋನ್ ಊದಿರಲಿಲ್ಲ. ಊದುವಾಗ ಮೇಲಿನ ಹಲ್ಲು ಬಾಯಿಗಿಡುವ ತುದಿಯ ಮೇಲೆ ಊರಿರಬೇಕಂತೆ. ಇಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲವಂತೆ.

"ಊದೋಕೆ ಬಂದ್ರೆ ಸಾಕು. ಊಟ ಅರೆದು ಕುಡ್ಕೊಂಡಾದ್ರೂ ಇರ್ತೀನಿ," ಅಂದರು.

ದಿನಾ ಪೆಟ್ಟಿಗೆ ತೆಗೆದು, ಒರೆಸಿ, ಮುಚ್ಚಿಡುತ್ತಾರೆ ಎಂದು ಅವರ ಹೆಂಡತಿ ಹೇಳಿದರು. ಊಟಕ್ಕೆ ಕೂತರೂ ಬೆರಳುಗಳು ತಟ್ಟೆಯ ಅಂಚನ್ನು ಒತ್ತುತ್ತಲೇ ಇರುತ್ತವಂತೆ. ಮೂವತ್ತು ವರ್ಷ ಆ ವಾದ್ಯದ ಸದ್ದಿಗೆ ಗೊಣಗಿದ ಹೆಂಗಸು, ಈಗ ಮನೆ ಬಿಕೋ ಅನ್ನುತ್ತದೆ ಎಂದು ತಲೆ ತಗ್ಗಿಸಿದರು.

ವಾದ್ಯದ ಬಾಯಿಗಿಡುವ ತುದಿಯನ್ನು ತರಿಸಿಕೊಂಡು ನೋಡಿದೆ. ಕಪ್ಪು ಮೈಮೇಲೆ ಹಲ್ಲು ಊರಿ ಊರಿ ಬಿದ್ದ ಎರಡು ಸಣ್ಣ ಗುಳಿ, ಒಂದು ಓರೆ. ಅವರ ಮುಂದಿನ ಹಲ್ಲು ಸೊಟ್ಟಗಿದ್ದಿರಬೇಕು. ಗುಳಿಗೆ ಸರಿಯಾಗಿ ಕೂರುವಂತೆಯೇ ಮೇಣದ ಮಾದರಿಯಲ್ಲಿ ಹಲ್ಲು ನೆಟ್ಟು ತೋರಿಸಿದೆ.

"ಇದೇನಣ್ಣಾ, ಹೋದ ಸೊಟ್ಟ ಹಲ್ಲನ್ನೇ ಮತ್ತೆ ಹಾಕಿಸ್ಕೊಳ್ಳೋದಾ?" ಎಂದು ಹೆಂಡತಿ ಮುಖ ಸಿಂಡರಿಸಿದರು.

ಮಾತು ತಿರುಗಿಸಲು, ವಾದ್ಯಕ್ಕೆ ಆ ಹೆಸರು ಹೇಗೆ ಬಂತು ಎಂದು ಬ್ಯಾಂಡಿನವರನ್ನು ಕೇಳಿದೆ. ಸ್ಯಾಕ್ಸ್ ಅನ್ನುವುದು ಅದನ್ನು ಮಾಡಿದವನ ಮನೆತನದ ಹೆಸರಂತೆ, ಅಪ್ಪನದೂ ವಾದ್ಯ ಮಾಡುವ ಕಸುಬೇ. ಅದರ ಮುಂದೆ ದನಿ ಎಂಬ ಅರ್ಥದ ಹಳೆಯ ಗ್ರೀಕ್ ಮಾತು ಸೇರಿಸಿದರೆ ಸ್ಯಾಕ್ಸೋಫೋನ್.

"ಅವನು ಹೆಸರು ಕೊಟ್ಟ, ಇವ್ರು ಹಲ್ಲು ಕೊಟ್ರು," ಅಂದರು ಹೆಂಡತಿ.

ಬ್ಯಾಂಡಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಹೆಸರು ಅವನದೇ ಇರ್ಲಿ. ನಾನು ಊದಿದಾಗ ದನಿ ನಂದು."

ಸೆಟ್ಟು ಕೊಟ್ಟು, ಎರಡು ವಾರ ಬರೀ ಹಾಕಿಕೊಂಡು ಅಭ್ಯಾಸ ಮಾಡಿಕೊಳ್ಳಿ, ಊದುವುದು ನನ್ನ ಮುಂದೆಯೇ ಆಗಲಿ ಎಂದಿದ್ದೆ. ಮಾತು ತಪ್ಪಲಿಲ್ಲ. ಹದಿನೈದನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಪೆಟ್ಟಿಗೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಹೆಂಡತಿ.

ಮೊದಲು ಬರೀ ಗಾಳಿ. ಸೆಟ್ಟಿನ ಅಂಚು ಸ್ವಲ್ಪ ಉಜ್ಜಿ ಕೊಟ್ಟೆ. ಆಮೇಲೆ ಸ್ವರ ನಿಂತಿತು, ಬೆಳೆಯಿತು, ಅಂಗಡಿ ತುಂಬಿತು. ಎದುರಿನ ದರ್ಜಿ ಮಿಷನ್ ನಿಲ್ಲಿಸಿದ. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಗೆದ್ದೆ ಅಂದುಕೊಂಡೆ.

ಅವರು ಅರ್ಧಕ್ಕೇ ನಿಲ್ಲಿಸಿದರು.

"ಮುಂಚೆ ತಲೆಯೊಳಗೆ ಕೇಳೋದು," ಅಂದರು. "ಹಲ್ಲಿಂದ ಹತ್ತಿ ನೆತ್ತಿವರೆಗೂ ನಡುಗೋದು. ಈಗ ಪಕ್ಕದ ಮನೇಲಿ ಯಾರೋ ಊದ್ತಿರೋ ಹಾಗಿದೆ."

ನನಗೆ ಅರ್ಥವಾಯಿತು. ಹಲ್ಲಿನ ಬೇರು ಎಲುಬಿನಲ್ಲಿರುತ್ತದೆ. ನನ್ನ ಸೆಟ್ಟು ಕೂರುವುದು ಮೆತ್ತನೆಯ ವಸಡಿನ ಮೇಲೆ. ಎಷ್ಟು ಉಜ್ಜಿದರೂ ಆ ನಡುಕ ತಲೆಗೆ ಹತ್ತಿಸುವುದು ನನ್ನ ಕೈಯಲ್ಲಿಲ್ಲ. ಸುಳ್ಳು ಸಮಾಧಾನ ಹೇಳದೆ ಅದನ್ನೇ ಹೇಳಿದೆ.

ಅವರು ತಲೆಯಾಡಿಸಿ ಹೆಂಡತಿಯ ಕಡೆ ತಿರುಗಿದರು. "ನಿಂಗೆ ಹೇಗೆ ಕೇಳಿಸ್ತು?"

"ಅದೇ ದನಿ. ಕೂದಲೆಳೆಯಷ್ಟೂ ಬದಲಾಗಿಲ್ಲ."

"ನಿಜ ಹೇಳು."

"ಮೂವತ್ತು ವರ್ಷ ಬೈದಿದೀನಿ. ನಂಗೆ ಗೊತ್ತಾಗಲ್ವಾ?"

ಅವರು ಕುರ್ಚಿಯನ್ನು ಹೆಂಡತಿಗೆ ಎದುರಾಗಿ ಎಳೆದುಕೊಂಡು ಕೂತರು. ಮತ್ತೆ ತುದಿಯನ್ನು ಬಾಯಿಗಿಟ್ಟರು. ಊದಿದಷ್ಟು ಹೊತ್ತೂ ಕಣ್ಣು ಮುಚ್ಚದೆ ಆಕೆಯ ಮುಖವನ್ನೇ ನೋಡುತ್ತಿದ್ದರು.