ಮಾವನ ಹೆಸರು

ಅಳಿಯ ಕುರ್ಚಿಗಳನ್ನು ಗೋಡೆಗೊತ್ತಿ ಬಂದವರಿಗೆ ಜಾಗ ಮಾಡುತ್ತಿದ್ದ. ನಡುಮನೆಯ ಶವಪೆಟ್ಟಿಗೆಯಲ್ಲಿ ಮಾವ ಮಲಗಿದ್ದರು. ಮೂವತ್ತೆರಡು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಯಂತ್ರ ರಿಪೇರಿ ಮಾಡಿದವರು. ಎಲ್ಲರ ಬಾಯಲ್ಲೂ ಮೇಸ್ತ್ರಿ.

"ಮೇಸ್ತ್ರಿ ಸರಿಯಾಗಿದೆ ಅಂದ್ರೆ ಮುಗೀತು, ಕಣ್ಮುಚ್ಚಿ ಮಗೂನ ಯಂತ್ರದೊಳಗೆ ಮಲಗಿಸ್ತಿದ್ವಿ," ಎಂದಳು ಹಿರಿಯ ನರ್ಸ್. "ಸರಿಯಿಲ್ಲ ಅಂದ್ರೆ ದೊಡ್ಡ ಡಾಕ್ಟರು ಬೈದ್ರೂ ಜಗ್ತಿರ್ಲಿಲ್ಲ."

ಪಕ್ಕದ ಬಿಳಿಗೂದಲ ಹೆಂಗಸು ತಲೆಯಾಡಿಸಿದಳು. ಅಳಿಯನ ಕಂಪನಿಗೆ ಮೊದಲ ಬಂಡವಾಳ ಹಾಕಿದವಳು ಅವಳೇ. "ನಾನೂ ಅವರ ಹೆಸರು ನೋಡೇ ದುಡ್ಡು ಹಾಕಿದ್ದು. ಇಲ್ದಿದ್ರೆ ಈ ಹುಡುಗ ಯಾರು ಅಂತ ನಂಗೇನು ಗೊತ್ತು?"

ಮೇಸ್ತ್ರಿಯ ಮಗಳು ಗಂಡನತ್ತ ತಿರುಗಿದಳು. "ಅಪ್ಪನ ಹೆಸರಾ?"

ಅವನು ಇನ್ನೊಂದು ಕುರ್ಚಿ ಎತ್ತಿಕೊಂಡ.

*

ಎರಡು ವರ್ಷದ ಹಿಂದೆ, ಎಳೆಗೂಸುಗಳನ್ನು ಬೆಚ್ಚಗಿಡುವ ಅಗ್ಗದ ಯಂತ್ರ ಮಾಡಿಕೊಂಡು ಅಳಿಯ ಒಂಬತ್ತು ಕಡೆ ಬಂಡವಾಳ ಕೇಳಿದ್ದ. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ನಿಮ್ಮ ಜೊತೆ ಹೆಸರಿರೋರು ಯಾರಿದ್ದಾರೆ?"

ಮಾವ ಒಂದು ಮಧ್ಯಾಹ್ನವೆಲ್ಲ ಅದನ್ನು ಪರೀಕ್ಷಿಸಿ, "ಬಿಸಿ ಏರುಪೇರಾಗ್ತಿದೆ ಕಣಪ್ಪ. ಸರಿಯಾಗೋವರೆಗೂ ನನ್ನ ಹೆಸರು ಹಾಕ್ಬೇಡ," ಅಂದಿದ್ದರು.

ಅವನು ಬಂಡವಾಳದ ಅರ್ಜಿಯಲ್ಲಿ ಹಾಕಿದ. 'ಪರೀಕ್ಷಿಸಿ ಒಪ್ಪಿದವರು' ಎಂದು, ಫೋಟೊ ಸಮೇತ.

ಒಂದು ದಿನ ಊಟದ ಹೊತ್ತಿಗೆ ಮಾವನಿಗೆ ಬಿಳಿಗೂದಲ ಹೆಂಗಸಿನ ಫೋನ್ ಬಂತು. ಕೇಳಿಸಿಕೊಂಡ ಮಾವ ಅಳಿಯನನ್ನು ನೋಡಿದರು. ಒಳಗಿಂದ ನೀರು ತರುತ್ತಿದ್ದ ಬಸುರಿ ಮಗಳನ್ನು ನೋಡಿದರು. "ಹೌದಮ್ಮ, ನಾನೇ ನೋಡಿದ್ದೀನಿ. ಚೆನ್ನಾಗಿದೆ," ಅಂದರು. ಆಮೇಲೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು.

ಮರುದಿನವೇ ಅಳಿಯನ ಶೆಡ್ಡಿಗೆ ಬಂದು ಕೂತರು. ಏಳು ತಿಂಗಳು ತಿಣುಕಿ ಬಿಸಿ ಹದಕ್ಕೆ ತಂದರು. ಅಲ್ಲಿಯ ತನಕ ಒಂದು ಯಂತ್ರವನ್ನೂ ಹೊರಗೆ ಬಿಡಲಿಲ್ಲ. ಆದರೆ ಆಸ್ಪತ್ರೆಯ ಕಡೆ ಮತ್ತೆ ತಲೆಹಾಕಲಿಲ್ಲ.

*

"ಎಷ್ಟು ಕರೆದ್ರೂ ಬರ್ಲಿಲ್ಲ," ನರ್ಸ್ ಕಣ್ಣೊರೆಸಿಕೊಂಡಳು. "ನಮ್ಮಿಂದೇನು ತಪ್ಪಾಯ್ತೋ."

ಅಳಿಯನಿಗೆ ತಡೆಯಲಾಗಲಿಲ್ಲ. "ನಿಮ್ಮಿಂದಲ್ಲ ಸಿಸ್ಟರ್. ಬೇಡ ಅಂದ್ರೂ ನಾನೇ ಅವರ ಹೆಸರು ಹಾಕ್ದೆ. ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ರು. ನಿಮಗೆಲ್ಲ ಹೇಗೆ ಮುಖ ತೋರಿಸ್ಲಿ ಅಂತಿದ್ರು."

ಬಿಳಿಗೂದಲ ಹೆಂಗಸು ಅವನನ್ನೇ ನೋಡಿದಳು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಅಳಿಯ ಮುಂದಿನ ಹಿಡಿಗೆ ಕೈಯಿಟ್ಟ. ಹೆಂಡತಿ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನೀವು ಬನ್ನಿ ಸಿಸ್ಟರ್."

ನರ್ಸ್ ಸೆರಗು ಬಿಗಿದು ಕೈಹಾಕಿದಳು. ಎಲ್ಲರೂ ಬೀದಿಗಿಳಿದ ಮೇಲೆ ಅಳಿಯ ಹತ್ತು ಮಾರು ಹಿಂದೆ, ತನ್ನೆರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ನಡೆಯತೊಡಗಿದ.