ಕೆಂಪು ಔಷಧಿ

ಪ್ರೆಸ್ಸಿನ ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ ಅವಳನ್ನು ಎಲ್ಲರೂ ನೂಲಕ್ಕ ಎಂದೇ ಕರೆಯುತ್ತಿದ್ದರು. ಮಡಚಿದ ಹಾಳೆಗಳ ಬೆನ್ನಿಗೆ ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ನೂಲಿನಲ್ಲಿ ಹೊಲಿಯುವುದು ಅವಳ ಕೆಲಸ. ಹನ್ನೊಂದು ವರ್ಷ ಪಳಗಿದ ಕೈ. ಹೊಲಿದ ಕಟ್ಟುಗಳನ್ನು ಎದೆಗವುಚಿಕೊಂಡು ಕತ್ತರಿಸುವ ಯಂತ್ರದ ಕಡೆ ಹೋಗುವಾಗ ಒಂದು ಬೆಳಿಗ್ಗೆ ಎಡಗಡೆ ಏನೋ ಒತ್ತಿದಂತಾಯಿತು. ಬಚ್ಚಲಿಗೆ ಹೋಗಿ ಮುಟ್ಟಿ ನೋಡಿಕೊಂಡಳು. ಗೋಲಿಯಷ್ಟು ದೊಡ್ಡ ಗಂಟು. ಗಟ್ಟಿ. ಒತ್ತಿದರೆ ನೋವಿಲ್ಲ.

ಆಗ ಅವಳಿಗೆ ನಾಲ್ಕನೇ ತಿಂಗಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ನಿಂತಿದೆ ಎಂಬ ಧೈರ್ಯ ಮನೆಯಲ್ಲಿ ಆಗಷ್ಟೇ ಮೂಡತೊಡಗಿತ್ತು.

"ಹಾಲು ಕಟ್ಟೋ ಗಂಟಮ್ಮ, ಬಸುರಿಯರಿಗೆ ಇದೆಲ್ಲ ಮಾಮೂಲು" ಎಂದರು ಬೀದಿ ಮೂಲೆಯ ಕ್ಲಿನಿಕ್ಕಿನ ಡಾಕ್ಟರು. ಅವಳು ಮೂರು ವಾರ ಬಿಸಿ ಬಟ್ಟೆಯ ಶಾಖ ಕೊಟ್ಟಳು. ಗಂಟು ಕರಗಲಿಲ್ಲ, ಬೆಳೆಯಿತು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಚೂರು ತೆಗೆದರು. ಹದಿನೆಂಟನೇ ವಾರದಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ವರದಿ ಓದಿದ ಡಾಕ್ಟರು ಅವಳ ಮುಖ ನೋಡದೆ, "ಮಗು ತೆಗೆಸಿಬಿಡಿ, ಆಮೇಲೆ ಚಿಕಿತ್ಸೆ ಶುರು ಮಾಡೋಣ" ಎಂದುಬಿಟ್ಟರು.

ಅಂದು ಸಂಜೆ ಅವಳ ಅಣ್ಣ ಬಂದ. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹೊರಗೆ ಮಾತು ನಡೆಯಿತು. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದರ ಮೇಲೆ ತುಕ್ಕು ಹಿಡಿದ ನಾಲ್ಕು ಕೊಳವೆಗಳು. ಅವಳು ಅವನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಮೊದಲು ಇವಳು ಉಳೀಬೇಕು" ಎಂದ ಅಣ್ಣ. "ಮಗೂನ ಆಮೇಲೆ ನೋಡ್ಕೊಂಡ್ರಾಯ್ತು."

"ಎರಡು ಹೋಗಿವೆ. ಇದೂ ಹೋದ್ರೆ ಇನ್ನೊಂದು ಆಗುತ್ತೆ ಅಂತ ನಿಮಗ್ಯಾರು ಹೇಳಿದ್ದು?" ಅತ್ತೆಯ ದನಿ ಏರಲಿಲ್ಲ. "ಹೆರಿಗೆ ಆಗ್ಲಿ. ಆಮೇಲೆ ಯಾವ ಔಷಧಿ ಬೇಕಾದ್ರೂ ಕೊಡಿಸಿ, ನಾನು ಬೇಡ ಅನ್ನಲ್ಲ."

ಗಂಡ ಬಸ್ಸಿನ ಚಾಲಕ. ರಸ್ತೆಯಲ್ಲಿ ಅರವತ್ತು ಜನರನ್ನು ಕೂರಿಸಿಕೊಂಡು ಓಡಿಸುವವನಿಗೆ ಮನೆಯಲ್ಲಿ ಯಾವ ಕಡೆ ತಿರುಗಬೇಕೆಂದೇ ತಿಳಿಯುತ್ತಿರಲಿಲ್ಲ.

ಆ ಡಾಕ್ಟರು ಹೇಳಿದಂತೆ ಮಾಡಿದರೆ ಮಗು ಇಲ್ಲ. ಅತ್ತೆ ಹೇಳಿದಂತೆ ಮಾಡಿದರೆ ತಾನು ಇರುತ್ತೇನೋ ಇಲ್ಲವೋ. ಬೇಡವೆಂದರೂ ತಪ್ಪು, ಹೂಂ ಎಂದರೂ ತಪ್ಪು. ಎದ್ದು ಎಲ್ಲಿಗಾದರೂ ಹೋಗಿಬಿಡೋಣವೆಂದರೆ ಕಾಯಿಲೆಯೂ ಮಗುವೂ ಇದೇ ಮೈಯಲ್ಲಿವೆ. ಮೈಬಿಟ್ಟು ಎಲ್ಲಿಗೆ ಹೋಗುವುದು?

ಪ್ರೆಸ್ಸಿನ ಯಜಮಾನರು ಹೇಳಿದ ಇನ್ನೊಬ್ಬ ಡಾಕ್ಟರನ್ನು ನೋಡಲು ಅವಳು ಗಂಡನನ್ನು ಎಳೆದುಕೊಂಡೇ ಹೋದಳು. ಆ ಡಾಕ್ಟರಮ್ಮನದು ಮಾತು ಕಡಿಮೆ. ಎಲ್ಲ ಕಾಗದಗಳನ್ನು ಓದಿದ ಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು:

"ಮೊದಲ ಮೂರು ತಿಂಗಳು ಮಗುವಿನ ಅಂಗಾಂಗ ಮೂಡೋ ಸಮಯ. ಆಗ ಕೀಮೋ ಕೊಡಲ್ಲ. ನೀವು ಅದನ್ನ ದಾಟಿದೀರಿ. ಈಗ ಆಪರೇಷನ್ ಮಾಡಬಹುದು. ಆಮೇಲೆ ಮೂರು ವಾರಕ್ಕೊಂದು ಸಲ ಔಷಧಿ. ಹೆರಿಗೆಗೆ ಸ್ವಲ್ಪ ಮುಂಚೆ ನಿಲ್ಲಿಸ್ತೀವಿ. ವಿಕಿರಣ ಮಾತ್ರ ಹೆರಿಗೆ ಆದ್ಮೇಲೆ."

"ಮಗುಗೆ ಏನೂ ಆಗಲ್ವ?" ಎಂದು ಗಂಡ ಕೇಳಿದ.

"ಏನೂ ಆಗಲ್ಲ ಅಂತ ಬರೆದುಕೊಡಕ್ಕಾಗಲ್ಲ. ಹೀಗೆ ಹುಟ್ಟಿದ ಮಕ್ಕಳನ್ನ ನೋಡಿದೀನಿ. ಹೆಚ್ಚಿನವು ಚೆನ್ನಾಗೇ ಬೆಳೀತಿವೆ. ಮಗು ತೆಗೆಸಿದ ಮಾತ್ರಕ್ಕೆ ಇವರ ಕಾಯಿಲೆ ವಾಸಿಯಾಗೋದೂ ಇಲ್ಲ." ಆಮೇಲೆ ಅವಳತ್ತ ತಿರುಗಿದರು. "ನಿಮಗೇನು ಬೇಕು?"

ಇಷ್ಟು ದಿನದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ. "ಎರಡೂ" ಎಂದಳು, ತಪ್ಪು ಒಪ್ಪಿಕೊಂಡವಳಂತೆ.

ಮುಂದಿನ ವಾರ ಎಡ ಮೊಲೆಯನ್ನು ತೆಗೆದರು. ಇಪ್ಪತ್ತೆರಡನೇ ವಾರಕ್ಕೆ ಕೀಮೋ ಶುರುವಾಯಿತು. ಕೆಂಪು ಶರಬತ್ತಿನಂಥ ಔಷಧಿ ಕೊಳವೆಯಲ್ಲಿ ಇಳಿದು ಮೈಸೇರುವುದನ್ನು ಅತ್ತೆ ಗಾಜಿನ ಬಾಗಿಲಾಚೆ ನಿಂತು ನೋಡಿದರು.

ಸೋಂಕು ತಗುಲಬಾರದೆಂದು ಅವಳು ಕೆಲಸಕ್ಕೆ ಹೋಗುವಂತಿರಲಿಲ್ಲ. ಜನರ ನಡುವೆ ಬೆರೆಯುವಂತಿರಲಿಲ್ಲ. ವಾಂತಿ ಬಂದರೆ ಅದು ಬಸಿರಿನದೋ ಔಷಧಿಯದೋ ತಿಳಿಯುತ್ತಿರಲಿಲ್ಲ. ಮಗು ಒದೆದರೆ ಖುಷಿಯಾಗುವ ಮೊದಲೇ, ನೋವಾಗಿ ಒದೆಯಿತೇನೋ ಎಂಬ ಅಳುಕು. ಒದೆಯದಿದ್ದರೆ ಜೀವವೇ ಬಾಯಿಗೆ ಬರುತ್ತಿತ್ತು. ಕಿಟಕಿಯಾಚೆಯ ಕೊಳವೆಗಳಲ್ಲಿ ಯಾವ ಹೊತ್ತಿಗೆ ಯಾವುದರಲ್ಲಿ ನೀರು ಹರಿಯುತ್ತದೆಂಬುದು ಅವಳಿಗೆ ಬಾಯಿಪಾಠವಾಯಿತು.

ಮೂರನೇ ಔಷಧಿಯ ಬೆಳಿಗ್ಗೆ ಗಂಡ ಮೊದಲ ಪಾಳಿಗೆ ಹೊರಟುಹೋಗಿದ್ದ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಎಂಟಕ್ಕೆ ಆಟೋ ಬರಬೇಕು. ಅವಳು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಾಗ ಹೊರಬಾಗಿಲು ಮುಚ್ಚಿದ ಸದ್ದಾಯಿತು, ಹಿಂದೆಯೇ ಬೀಗ ಹಾಕಿದ ಸದ್ದು. ಹೋಗಿ ಬಾಗಿಲೆಳೆದಳು. ಅಲುಗಲಿಲ್ಲ.

ಗಂಡನಿಗೆ ಫೋನು ಮಾಡಿದಳು. ಬಸ್ಸು ಓಡಿಸುವಾಗ ಅವನು ಎತ್ತುವುದಿಲ್ಲ. ಕೂಗಿದರೆ ಮೇಲಿನ ಮನೆಯವರು ಇಳಿದು ಬಂದು ಬೀಗ ಒಡೆಯುತ್ತಿದ್ದರು. ಆದರೆ ಮಧ್ಯಾಹ್ನ ಅದೇ ಅತ್ತೆಯ ಕೈಯಿಂದ ನೀರು ಇಸಿದುಕೊಳ್ಳಬೇಕು. ಅವಳು ಬಾಗಿಲಿಗೆ ಬೆನ್ನುಕೊಟ್ಟು ನೆಲದ ಮೇಲೆ ಕುಳಿತಳು. ಆಚೆಯಿಂದ ಕೆಮ್ಮು ಕೇಳಿಸಿತು. ಅತ್ತೆ ಎಲ್ಲಿಗೂ ಹೋಗಿರಲಿಲ್ಲ. ಮೆಟ್ಟಿಲ ಮೇಲೇ ಕುಳಿತಿದ್ದರು.

"ಅತ್ತೆ, ಬೀಗ ತೆಗೀರಿ."

"ಇವತ್ತೊಂದು ದಿನ ಬೇಡ ಕಣಮ್ಮ."

"ಹೊತ್ತಾಗುತ್ತೆ."

"ಆ ಕೆಂಪು ಔಷಧೀನ ನಾನು ನೋಡಿದೀನಿ. ಕೊಡೋ ನರ್ಸೇ ಒಂದರ ಮೇಲೊಂದು ಗ್ಲೌಸ್ ಹಾಕ್ಕೋತಾಳೆ. ಅವಳ ಕೈಗೆ ತಾಗಬಾರದ್ದು ನನ್ನ ಮೊಮ್ಮಗುಗೆ ತಾಗಬಹುದಾ?"

ಅದೇ ಪ್ರಶ್ನೆ ಅವಳನ್ನೂ ಆರು ವಾರದಿಂದ ತಿನ್ನುತ್ತಿತ್ತು.

"ನನಗೂ ಅದೇ ಭಯ ಅತ್ತೆ. ಔಷಧಿ ಇಳಿಯೋಷ್ಟು ಹೊತ್ತೂ ಹೊಟ್ಟೆ ಮೇಲೆ ಕೈಯಿಟ್ಕೊಂಡೇ ಕೂತಿರ್ತೀನಿ."

"ಮತ್ತೆ ಯಾಕೆ ಹೋಗ್ತೀಯ?"

"ನಾನಿಲ್ಲದೆ ಇದನ್ನ ಸಾಕೋರ್ಯಾರು? ನಿಮ್ಮ ಮಗ ತನ್ನ ಕಾಲುಚೀಲ ಹುಡುಕ್ಕೊಳ್ಳಕ್ಕೂ ನನ್ನನ್ನೇ ಕೂಗ್ತಾರೆ."

ಆಚೆ ಮತ್ತೆ ಕೆಮ್ಮು.

"ನಿಮಗೆ ಮೊಮ್ಮಗು ಬೇಕು. ಅಣ್ಣನಿಗೆ ತಂಗಿ ಬೇಕು. ನನಗೇನು ಬೇಕು ಅಂತ ಈ ಮನೇಲಿ ಒಬ್ರೂ ಕೇಳಲಿಲ್ಲ. ಎರಡು ಸಲ ಬರಿಗೈಲಿ ಆಸ್ಪತ್ರೆಯಿಂದ ಬಂದೋಳು ನಾನು. ಈ ಸಲ ಇದನ್ನ ಎತ್ತಿ ಆಡಿಸ್ಬೇಕು, ಅದು ಶಾಲೆಗೆ ಹೋಗೋದನ್ನ ನೋಡ್ಬೇಕು. ಬೀಗ ಹಾಕಿದ್ರೆ ಕಾಯಿಲೇನೂ ನನ್ನ ಜೊತೆ ಒಳಗೇ ಇರುತ್ತಲ್ಲ ಅತ್ತೆ."

ಬೀಗದಲ್ಲಿ ಕೀಲಿ ತಡಕಾಡಿತು. ಬಾಗಿಲು ತೆರೆದಾಗ ಅತ್ತೆಯ ಕಣ್ಣು ಕೆಂಪಾಗಿತ್ತು. ಕ್ಷಮಿಸು ಎನ್ನಲಿಲ್ಲ. "ನಾನೂ ಬರ್ತೀನಿ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ಅತ್ತೆ ನರ್ಸನ್ನು ನೇರವಾಗಿ ಕೇಳಿಯೇಬಿಟ್ಟರು. "ನಿನಗ್ಯಾಕಮ್ಮ ಎರಡೆರಡು ಗ್ಲೌಸು?"

"ನಾವು ದಿನವಿಡೀ, ವರ್ಷಗಟ್ಟಲೆ ಮುಟ್ತೀವಲ್ಲಜ್ಜಿ, ಅದಕ್ಕೆ. ಹಾಗಂತ ಇದು ಹಗುರವಾದ ಔಷಧಿ ಅಲ್ಲ. ಅದಕ್ಕೇ ಪ್ರತಿ ಸಲ ಮಗೂನ ನೋಡೇ ಮುಂದುವರೀತೀವಿ" ಎಂದು ನರ್ಸು ಯಂತ್ರದ ಗುಂಡಿ ಒತ್ತಿದಳು. ಮಗುವಿನ ಎದೆಬಡಿತ ಕೋಣೆ ತುಂಬ ದಡದಡನೆ ಕೇಳಿಸಿತು. ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಮನೆಗೆ ಬಂದ ಮೇಲೆ ಅವಳು ಬೀಗದ ಕೀಲಿ ಕೇಳಿದಳು. ಅತ್ತೆ ಕೊಟ್ಟರು. ನಾಲ್ಕನೇ ಔಷಧಿಯ ದಿನವೂ ಅವರ ಮುಖ ಗಂಟಿಕ್ಕಿಕೊಂಡೇ ಇತ್ತು, ಆದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತವರೂ ಅವರೇ.

ಮೂವತ್ತೇಳನೇ ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಎರಡೂವರೆ ಕಿಲೋಗೆ ಸ್ವಲ್ಪ ಕಡಿಮೆ. ಕೈಕಾಲು, ಕಣ್ಣು, ದನಿ ಎಲ್ಲ ಸರಿಯಾಗಿತ್ತು. ಉಳಿದ ಔಷಧಿಗಳು ಬಾಕಿಯಿದ್ದರಿಂದ ಹಾಲೂಡಿಸುವಂತಿರಲಿಲ್ಲ. ಹಾಲು ಬತ್ತಿಸಲು ಮಾತ್ರೆ ಕೊಟ್ಟರೂ ಉಳಿದೊಂದು ಮೊಲೆ ಎರಡು ದಿನ ಕಲ್ಲಾಯಿತು. ಪಕ್ಕದ ಕೋಣೆಯಲ್ಲಿ ಅತ್ತೆ ಬಾಟಲಿ ಹಿಡಿದು ಮಗುವನ್ನು ರಮಿಸುತ್ತಿದ್ದರೆ, ಅವಳು ಇಲ್ಲಿ ದಿಂಬು ಕಚ್ಚಿಕೊಂಡು ಮಲಗಿರುತ್ತಿದ್ದಳು. ಆಮೇಲೆ ಮತ್ತೆ ಕೀಮೋ, ಐದು ವಾರ ವಿಕಿರಣ.

ಮಗುವಿಗೆ ಈಗ ಹದಿನೈದು ತಿಂಗಳು. ಅವಳು ಅರ್ಧ ದಿನದ ಕೆಲಸಕ್ಕೆ ಹೋಗುತ್ತಾಳೆ. ಎಡಗೈಯಲ್ಲಿ ಭಾರ ಎತ್ತುವುದಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆ. ಆ ದಿನ ಹತ್ತಿರವಾದಂತೆ ಅವಳಿಗೆ ಊಟ ಸೇರುವುದಿಲ್ಲ.

ಕಳೆದ ಸಲ ಗಂಡ ರಜೆ ಹಾಕಿ ಜೊತೆಗೆ ಬಂದಿದ್ದ. "ಸದ್ಯಕ್ಕೆ ಏನೂ ಕಾಣ್ತಿಲ್ಲ" ಎಂದರು ಡಾಕ್ಟರಮ್ಮ.

"ಅಂದ್ರೆ ಪೂರ್ತಿ ವಾಸಿಯಾಯ್ತಾ?" ಎಂದ ಅವನು.

"ಆ ಮಾತು ಇನ್ನೂ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ."

ಮೇಜಿನ ಮೇಲಿನ ಕಾಗದವನ್ನು ಮಗು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅವಳು ಅದರ ಮುಷ್ಟಿ ಬಿಡಿಸಿ, ಬಲ ಸೊಂಟದ ಮೇಲೆ ಕೂರಿಸಿಕೊಂಡು ಎದ್ದಳು. ಮೂರು ತಿಂಗಳು. ಅಷ್ಟರೊಳಗೆ ಮಗು ಓಡುತ್ತಿರುತ್ತದೆ ಎಂದುಕೊಂಡಳು.